ಚೊಚ್ಚಲ ಕಡಸಿಗೆ ಯಾವ ಹೋರಿ?

ಶಿವರಾತ್ರಿ ಸುಮಾರಿಗೆ ಕುರುವತ್ತಿ ಜಾತ್ರೆಗೆ ಹೋದ ನಮ್ಮ ಕಡೆಯ ಗಂಡಸರು ಹೋರಿ ನೋಡುವ ಚಂದ ನೀವು ನೋಡಬೇಕು. ಸುಳಿ ನೋಡುತ್ತಾರೆ, ಹಲ್ಲು ಎಣಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಅದೇ ಗಂಡಸರು ಮನೆಯ ಆಕಳು ಬೆದೆಗೆ ಬಂದಾಗ, "ಯಾವುದಾರ ಹಾಕ್ರಿ ಸಾಹೇಬ್ರ, ಹಾಲು ಜಾಸ್ತಿ ಬಂದ್ರಾತು" ಅಂದುಬಿಡುತ್ತಾರೆ! ಇಲ್ಲಿ ಹೋರಿ ಕಣ್ಣಿಗೆ ಕಾಣುವುದಿಲ್ಲವಲ್ಲ. ಅದು ಎಲ್ಲೋ ಹೆಸರಘಟ್ಟದಂಥ ಕಡೆ ಇರುತ್ತದೆ. ನಮ್ಮ ಅಂಗಳಕ್ಕೆ ಬರುವುದು ಕ್ಯಾನಿನೊಳಗಿನ ಒಂದು ತೆಳ್ಳನೆಯ ಕಡ್ಡಿ ಮಾತ್ರ.

ಸೂಜಿ ಹಾಕುವವರು ಬಂದರೆ ಹೆಂಗಸರು ಒಳಗೆ ಹೋಗಬೇಕೆಂಬ ರೂಢಿ ನಮ್ಮಲ್ಲಿ ಇನ್ನೂ ಇದೆ. ಮೇವು ಹಾಕುವವರು ನಾವು, ಸೆಗಣಿ ಬಾಚುವವರು ನಾವು, ಬೆದೆ ಬಂದದ್ದನ್ನು ಮೊದಲು ಗುರುತಿಸುವವರೂ ನಾವೇ. ಆ ಹತ್ತು ನಿಮಿಷ ಮಾತ್ರ ನಾಚಿಕೆ!

ನನ್ನ ಓರಗಿತ್ತಿಯ ಕಡಸು 2022ರಲ್ಲಿ ಸತ್ತಿತು. ಸಣ್ಣ ಮೈಯ ಕಡಸು, ಚೊಚ್ಚಲು. ಯಾರೋ ಬಂದು ಎಚ್‌ಎಫ್ ಹಾಕಿ ಹೋಗಿದ್ದರು, ಯಾವ ಹೋರಿ ಎಂದು ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಯುವ ದಿನ ಕರುವಿನ ಕಾಲು ಬಂತು, ತಲೆ ಬರಲಿಲ್ಲ. ನಾಲ್ಕು ಜನ ಹಗ್ಗ ಕಟ್ಟಿ ಎಳೆದರು. ಕರು ಸತ್ತೇ ಬಂತು. ಕಡಸು ಮತ್ತೆ ಮೇಲೇಳಲಿಲ್ಲ, ಮೂರನೆಯ ದಿನ ಅದೂ ಹೋಯಿತು. ಸಂಘದ ಸಾಲದಲ್ಲಿ ಇನ್ನೂ ಹನ್ನೊಂದು ಕಂತು ಬಾಕಿ. ಗಿಣ್ಣ ಮಾಡಲೆಂದು ಅವಳು ಬೆಲ್ಲ, ಏಲಕ್ಕಿ ತಂದಿಟ್ಟಿದ್ದಳು.

ಆಮೇಲೆ ಪಶು ಆಸ್ಪತ್ರೆಯ ಡಾಕ್ಟರನ್ನು ನಾನೇ ಕೇಳಿದೆ. ಅವರು ಹೇಳಿದ್ದು ಇಷ್ಟು. ಕಷ್ಟದ ಈತಕ್ಕೆ ದೊಡ್ಡ ಕಾರಣ ಕರು ದೊಡ್ಡದು, ತಾಯಿಯ ಸೊಂಟದ ದಾರಿ ಚಿಕ್ಕದು. ಶುದ್ಧ ಎಚ್‌ಎಫ್ ಕರು ಹುಟ್ಟುವಾಗಲೇ 35ರಿಂದ 40 ಕಿಲೋ ತೂಗುತ್ತದೆ, ಜರ್ಸಿಯದು ಸುಮಾರು 25 ಕಿಲೋ. ಕರುವಿನ ಗಾತ್ರದಲ್ಲಿ ತಂದೆಯ ಪಾಲೂ ಇರುತ್ತದಲ್ಲ! ಆದ್ದರಿಂದ ಸಣ್ಣ ಮೈಯ ಕಡಸಿಗೆ ಚೊಚ್ಚಲಲ್ಲಿ ಜರ್ಸಿಯೇ ವಾಸಿ.

2023ರಲ್ಲಿ ನಮ್ಮ ಕಡಸು ಗೌರಿ ಬೆದೆಗೆ ಬಂದಾಗ ನಾನು ಒಳಗೆ ಹೋಗಲಿಲ್ಲ. ಅದಕ್ಕೂ ಮೊದಲೇ ಹೊಲಿಗೆ ಟೇಪು ಹಿಡಿದು ಅಳತೆ ಮಾಡಿದ್ದೆ. ನೀವೂ ಮಾಡಬಹುದು, ರವಿಕೆ ಅಳತೆಗಿಂತ ಸುಲಭ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯ ತನಕ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋದಲ್ಲಿ ಸಿಗುತ್ತದೆ. ಗೌರಿಯ ಸುತ್ತಳತೆ 58, ಉದ್ದ 50, ತೂಕ ಸುಮಾರು 255 ಕಿಲೋ. ಮಿಶ್ರತಳಿ ಕಡಸಿಗೆ 250 ಕಿಲೋ ದಾಟುವ ಮುಂಚೆ ಯಾವ ಹೋರಿಯೂ ಬೇಡ. ಬರೀ ಮೆಕ್ಕೆಜೋಳದ ಸೊಪ್ಪೆ ತಿಂದು ಬೆಳೆದ ಕಡಸಿಗೆ ವಯಸ್ಸಾಗಿರುತ್ತದೆ, ಮೈ ಬಂದಿರುವುದಿಲ್ಲ.

"ಜರ್ಸಿ ಹಾಕ್ರಿ" ಅಂದೆ. ಅತ್ತೆಗೆ ಸಿಟ್ಟು ಬಂತು. "ಹಾಲು ಕಮ್ಮಿ ಆಕ್ಕೈತಿ, ನಿನಗೇನು ತಿಳೀತೈತಿ?" ಎಂದರು. ಬಹಳ ಜನ ತಪ್ಪು ತಿಳಿಯುವುದು ಇಲ್ಲಿಯೇ. ಈ ಈತದ ಹಾಲು ತಾಯಿಯ ಸ್ವಂತ ಗುಣ, ಅದು ತಿನ್ನುವ ಮೇವಿನ ಗುಣ. ಹೋರಿಯ ಹಾಲಿನ ಗುಣ ಕಾಣುವುದು ಹುಟ್ಟಿದ ಹೆಣ್ಣುಗರು ಬೆಳೆದು ತಾನೇ ಈದಾಗ, ಅದಕ್ಕೆ ಮೂರು ವರ್ಷ ಬೇಕು. ಜರ್ಸಿ ಮಗಳ ಹಾಲು ಲೀಟರಿನಲ್ಲಿ ಕಡಿಮೆಯಾದರೂ ಫ್ಯಾಟು ಹೆಚ್ಚು. ತಾಯಿ ಉಳಿದರೆ ಎರಡನೆಯ, ಮೂರನೆಯ ಈತಕ್ಕೆ ಮೈಕಟ್ಟು ನೋಡಿ ಎಚ್‌ಎಫ್ ಹಾಕಿಸಬಹುದಲ್ಲ? ಅತ್ತೆ ಉತ್ತರ ಕೊಡಲಿಲ್ಲ, ಕಡಸಿನ ಮುಂದೆ ಒಂದು ಹಿಡಿ ಸೊಪ್ಪೆ ಹಾಕಿ ಹೋದರು. ಒಪ್ಪಿಗೆ ಎಂದೇ ತಿಳಿದೆ.

ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ಕಡ್ಡಿಯೂ ಈಗ ಸಿಗುತ್ತದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ. ಹೆಣ್ಣುಗರು ಗಂಡಿಗಿಂತ ಸಾಮಾನ್ಯವಾಗಿ ತುಸು ಹಗುರ, ಆ ಲಾಭವೂ ಇದೆ. ಆದರೆ ಎಚ್‌ಎಫ್‌ನ ಹೆಣ್ಣು ಎಂದರೆ ಸಣ್ಣ ಕರು ಎಂದು ನಂಬಿ ಕೂಡಬೇಡಿ.

ಗೌರಿ ಒಂಬತ್ತು ತಿಂಗಳು ಏಳು ದಿನಕ್ಕೆ ಈದಳು. ಮೊದಲು ಎರಡು ಗೊರಸು, ಅವುಗಳ ಮೇಲೆ ಮೂಗು. ಹೀಗೆ ಬಂದರೆ ಸರಿಯಾದ ದಾರಿ. ಯಾರೂ ಎಳೆಯಲಿಲ್ಲ. ತಾಸುಗಟ್ಟಲೆ ತಿಣುಕಿದರೂ ಮುಂದೆ ಬರದಿದ್ದರೆ ಹಗ್ಗ ಹುಡುಕಬೇಡಿ, 1962ಕ್ಕೆ ಫೋನ್ ಮಾಡಿ ಡಾಕ್ಟರನ್ನು ಕರೆಸಿ.

ಅಮೆರಿಕದಂಥ ದೇಶಗಳಲ್ಲಿ ಪ್ರತಿ ಹೋರಿಯ ಮುಂದೆ ಅದರ ಕರುಗಳು ಎಷ್ಟು ಸಲೀಸಾಗಿ ಹುಟ್ಟುತ್ತವೆ ಎಂಬ ಅಂಕ ಬರೆದಿರುತ್ತಾರಂತೆ. ನಮ್ಮ ಅಂಗಳಕ್ಕೆ ಅಂಥ ಪಟ್ಟಿ ಬಂದದ್ದನ್ನು ನಾನು ಕಂಡಿಲ್ಲ. ಆದರೆ ಕಡ್ಡಿಯ ಮೇಲೆ ಹೋರಿಯ ನಂಬರು, ತಳಿ ಅಚ್ಚಾಗಿರುತ್ತದೆ. ಖಾಲಿ ಕಡ್ಡಿ ಇಸಿದುಕೊಂಡು ನಂಬರು ಬರೆದಿಡುತ್ತೇನೆ. ಬೆಳಿಗ್ಗೆ ಡೈರಿಯಲ್ಲಿ ಕ್ಯಾನು ಹಿಡಿದು ನಿಂತಾಗ ನಾವು ನಾಲ್ಕೈದು ಮಂದಿ ಈಗ ಸೊಸೆಯಂದಿರ ಮಾತಿನ ನಡುವೆ, "ನಿಮ್ಮದು ಯಾವ ನಂಬರು, ಕರು ಹೆಂಗೈತಿ, ಸಲೀಸು ಈತೇನು?" ಎಂದೂ ಕೇಳುತ್ತೇವೆ. ಓರಗಿತ್ತಿ ಹೊಸ ಕಡಸು ಕಟ್ಟಿದ್ದಾಳೆ. ಹೋದ ವಾರ ನನ್ನ ಟೇಪು ಒಯ್ದವಳು ಇನ್ನೂ ವಾಪಸು ಕೊಟ್ಟಿಲ್ಲ.