ಡ್ರಾಯರ್ ಇಲ್ಲದ ಮೇಜು

ಬೆಳಗಿನ ಕಾಫಿಯ ಹೊತ್ತಿಗೆ ಟಿ.ವಿ.ಯಲ್ಲಿ ನಿನ್ನೆಯ ಧಾರಾವಾಹಿಯ ಮರುಪ್ರಸಾರ ಬರುತ್ತಿತ್ತು. ಎಂ.ಡಿ. ಸಾಹೇಬರ ಛೇಂಬರು. ಅಗಲವಾದ ಗಾಜಿನ ಮೇಜು, ಮೇಲೊಂದು ಲ್ಯಾಪ್‌ಟಾಪು, ಹೆಸರಿನ ಫಲಕ, ಹೂದಾನಿ. ಗಾಜಿನ ಮೂಲಕ ಅವರ ಬೂಟುಗಳೂ ಕಾಣುತ್ತಿದ್ದವು. ಪಿ.ಎ. ತಂದಿಟ್ಟ ನೀಲಿ ಫೈಲಿಗೆ ಓದದೆಯೇ ರುಜು ಹಾಕಿ, ಸಾಹೇಬರು ಕಿಟಕಿಯ ಕಡೆ ತಿರುಗಿ ಯಾರನ್ನೋ ನೆನೆಯತೊಡಗಿದರು. ನನಗೆ ರೇಗಿತು. ಓದದೆ ರುಜು ಹಾಕಿದ್ದನ್ನು ಬೇಕಾದರೆ ಬಿಟ್ಟುಬಿಡಬಹುದು, ಕಥೆ ಓಡಬೇಕಲ್ಲ. ಆದರೆ ಆ ಮೇಜಿಗೆ ಒಂದೇ ಒಂದು ಡ್ರಾಯರ್ ಇರಲಿಲ್ಲ. ಈ ಮನುಷ್ಯ ಗುಂಡುಸೂಜಿ ಎಲ್ಲಿಡುತ್ತಾನೆ? ತಲೆನೋವು ಬಂದರೆ ಅಮೃತಾಂಜನ ಎಲ್ಲಿಂದ ತೆಗೆಯುತ್ತಾನೆ? ಕೇಳಿಯೇಬಿಟ್ಟೆ.

"ಅದು ಕಥೆ ಕಣ್ರೀ, ಆಫೀಸಲ್ಲ" ಅಂದಳು ನನ್ನ ಹೆಂಡತಿ, ಪರದೆಯಿಂದ ಕಣ್ಣು ಕೀಳದೆ.

ಅವಳ ಮಾತು ಸರಿ. ಧಾರಾವಾಹಿಯ ಕಚೇರಿಯಲ್ಲಿ ಕೆಲಸ ನಡೆಯುವುದಿಲ್ಲ, ಅಲ್ಲಿ ಪ್ರೀತಿ ಹುಟ್ಟುತ್ತದೆ, ಟೆಂಡರಿನ ಫೈಲು ಕಳುವಾಗುತ್ತದೆ, ಲಿಫ್ಟು ಕೆಡುತ್ತದೆ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. 2019ರಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಜೊತೆ ಜೊತೆಯಲಿ'ಯನ್ನು ನಮ್ಮ ಮನೆಯಲ್ಲೂ ಇಷ್ಟಪಟ್ಟು ನೋಡಿದರು. ಉದ್ಯಮಿ ಆರ್ಯವರ್ಧನ್, ಮಧ್ಯಮವರ್ಗದ ಮನೆಯ ಹುಡುಗಿ ಅನು ಸಿರಿಮನೆ ಇಬ್ಬರೂ ಮನಸ್ಸಿನಲ್ಲಿ ಉಳಿದರು. ಅವರ ಕಚೇರಿ ಉಳಿಯಲಿಲ್ಲ. ನನಗಿರುವ ಕೊರಗು ಇಷ್ಟೇ: ಕಚೇರಿ ಎಂಬ ಜಾಗದಲ್ಲಿ ಪ್ರೀತಿಯಷ್ಟೇ ಕುತೂಹಲದ ಇನ್ನೊಂದು ಸಂಗತಿ ನಡೆಯುತ್ತಿರುತ್ತದೆ. ಅದರ ಹೆಸರು ಕೆಲಸ. ಅದನ್ನು ನಾವು ಯಾಕೆ ತೋರಿಸುವುದಿಲ್ಲ?

ಆದರೆ ಮೊದಲು ಡ್ರಾಯರಿನ ವಿಷಯ.

ನೌಕರಿಗೆ ಸೇರಿದ ಮನುಷ್ಯನಿಗೆ ಆ ಕಟ್ಟಡದಲ್ಲಿ ತನ್ನದು ಎಂದು ಸಿಗುವ ಮೊದಲ ಆಸ್ತಿ ಡ್ರಾಯರು. ಕುರ್ಚಿ ನಮ್ಮದಲ್ಲ, ವರ್ಗವಾದ ಮಾರನೆಯ ದಿನವೇ ಇನ್ನೊಬ್ಬರು ಕೂರುತ್ತಾರೆ. ಫ್ಯಾನು ನಾಲ್ಕು ಜನರದು, ಅದರ ವೇಗದ ಬಗ್ಗೆ ನಿತ್ಯವೂ ಜಗಳ. ಬೀಗ ಹಾಕಬಹುದಾದ ಎಡಗಡೆಯ ಮೇಲಿನ ಡ್ರಾಯರು ಮಾತ್ರ ನಮ್ಮದು. ಅದರಲ್ಲಿ ಸ್ಟಾಂಪ್ ಪ್ಯಾಡು, ಟ್ಯಾಗು, ಅರ್ಧ ಸವೆದ ರಬ್ಬರು, ಎಲ್‌ಐಸಿ ರಸೀದಿ, ಬಿ.ಪಿ. ಮಾತ್ರೆ, ಮಂತ್ರಾಲಯಕ್ಕೆ ಹೋಗಿ ಬಂದವರು ಕೊಟ್ಟ ಮಂತ್ರಾಕ್ಷತೆಯ ಪೊಟ್ಟಣ, ಮಗಳ ಶಾಲೆಯ ಗ್ರೂಪ್ ಫೋಟೋ. ಇವುಗಳ ಕೆಳಗೆ, ಇವತ್ತು ಮುಗಿಯದ, ನಾಳೆ ಬಂದ ಕೂಡಲೇ ಎತ್ತಿಕೊಳ್ಳಬೇಕಾದ ಎರಡು ಕಾಗದ. ಮನುಷ್ಯನ ಬಾಳೂ ಅವನ ಕೆಲಸವೂ ಅಂಟಿಕೊಂಡೇ ಮಲಗುವ ಜಾಗ ಅದು. ಹಾಗಾಗಿ ಅದನ್ನು ತೆಗೆದುಹಾಕಿದವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಇದಕ್ಕೊಂದು ಚರಿತ್ರೆಯೇ ಇದೆ. 1874ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ವೂಟನ್ ಎಂಬಾತ ಒಂದು ಮೇಜಿಗೆ ಪೇಟೆಂಟು ಪಡೆದ. ಹೆಸರಿಗೆ ಮೇಜು, ನೋಡಲು ಬೀರು. ಎರಡು ದಪ್ಪ ಬಾಗಿಲು ತೆರೆದರೆ ಒಳಗೆಲ್ಲ ಗೂಡುಗಳು, ಖಾನೆಗಳು, ನಡುವೆ ಬರೆಯಲು ಹಲಗೆ. ಸಂಜೆ ಬಾಗಿಲು ಮುಚ್ಚಿ ಬೀಗ ಹಾಕಿಕೊಂಡು ಹೊರಟರಾಯಿತು, ಇಡೀ ವ್ಯವಹಾರವೇ ಒಳಗೆ ಭದ್ರ. ಅಧ್ಯಕ್ಷರಾಗಿದ್ದ ಗ್ರಾಂಟ್ ಅವರ ಬಳಿಯೂ ಇಂಥದ್ದೊಂದು ಇತ್ತು. ಆಮೇಲೆ ದಕ್ಷತೆಯ ಶಾಸ್ತ್ರ ಬಂತು. ಗುಮಾಸ್ತ ಗೂಡಿನೊಳಗೆ ಕಾಗದ ಅಡಗಿಸುತ್ತಾನೆ, ಎತ್ತರದ ಮೇಜಿನ ಹಿಂದೆ ಅವನು ಏನು ಮಾಡುತ್ತಿದ್ದಾನೆಂದು ಮೇಲ್ವಿಚಾರಕನಿಗೆ ಕಾಣುವುದಿಲ್ಲ ಎಂಬ ಅನುಮಾನ ಹುಟ್ಟಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗೂಡುಗಳು ಹೋಗಿ ಚಪ್ಪಟೆ ಮೇಜುಗಳು ಬಂದವು. 1968ರಲ್ಲಿ ಹರ್ಮನ್ ಮಿಲ್ಲರ್ ಕಂಪನಿಗಾಗಿ ರಾಬರ್ಟ್ ಪ್ರಾಪ್ಸ್ಟ್ ರೂಪಿಸಿದ, ಎಲ್ಲಿ ಬೇಕಾದರೂ ಜೋಡಿಸಬಹುದಾದ ಅಡ್ಡಗೋಡೆಗಳ ವ್ಯವಸ್ಥೆ ಮಾರುಕಟ್ಟೆಗೆ ಬಂತು. ಕೂತೂ ನಿಂತೂ ಓಡಾಡಿಯೂ ಕೆಲಸ ಮಾಡಲಿ ಎಂಬುದು ಅವನ ಆಸೆ. ಕಂಪನಿಗಳಿಗೆ ಕಂಡದ್ದು ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ತುಂಬುವ ದಾರಿ. ಕ್ಯೂಬಿಕಲ್ ಹುಟ್ಟಿದ್ದು ಹಾಗೆ. ತನ್ನ ಕಲ್ಪನೆಗೆ ಆದ ಗತಿ ಕಂಡು ಪ್ರಾಪ್ಸ್ಟ್ ಕೊನೆಗಾಲದಲ್ಲಿ ಬಹಿರಂಗವಾಗಿಯೇ ನೊಂದುಕೊಂಡ.

ಕ್ಯೂಬಿಕಲ್ಲಿನಲ್ಲಾದರೂ ಒಂದು ಡ್ರಾಯರು ಉಳಿದಿತ್ತು. ಅದನ್ನೂ ಕಿತ್ತುಕೊಂಡ ಪ್ರಯೋಗ ನಡೆದದ್ದು ಲಾಸ್ ಏಂಜಲಿಸ್‌ನಲ್ಲಿ. ಷಾಯಟ್/ಡೇ ಎಂಬ ಜಾಹೀರಾತು ಸಂಸ್ಥೆಯ ಜೇ ಷಾಯಟ್ 1990ರ ದಶಕದ ನಡುವಿನಲ್ಲಿ ಯಾರಿಗೂ ಸ್ವಂತ ಮೇಜು ಬೇಡ ಎಂದು ತೀರ್ಮಾನಿಸಿದ. ಬೆಳಿಗ್ಗೆ ಬಂದವರು ಕೌಂಟರಿನಲ್ಲಿ ಫೋನು, ಲ್ಯಾಪ್‌ಟಾಪು ಪಡೆದು ಎಲ್ಲಿ ಬೇಕಾದರೂ ಕೂರಬೇಕು, ಸಂಜೆ ಹಿಂತಿರುಗಿಸಬೇಕು. ಸ್ವಂತ ವಸ್ತುಗಳಿಗೆ ಒಂದು ಲಾಕರು. ಜನ ಏನು ಮಾಡಿದರು ಗೊತ್ತೇ? ತಮ್ಮ ಕಾರಿನ ಡಿಕ್ಕಿಯನ್ನೇ ಡ್ರಾಯರು ಮಾಡಿಕೊಂಡರು. ಕಾಗದ ಬೇಕಾದಾಗಲೆಲ್ಲ ಪಾರ್ಕಿಂಗ್ ಜಾಗಕ್ಕೆ ಓಡಿ ತಂದರು. ಆ ದಶಕ ಮುಗಿಯುವುದರೊಳಗೆ ಸಂಸ್ಥೆ ಆ ಪದ್ಧತಿಯನ್ನು ಕೈಬಿಟ್ಟಿತು. ಆದರೂ ನಮ್ಮ ಬೆಂಗಳೂರಿನ ಐಟಿ ಕಟ್ಟಡಗಳಲ್ಲಿ ಈಗ ಅದೇ ನಡೆದಿದೆ. ಆ್ಯಪಿನಲ್ಲಿ ಸೀಟು ಬುಕ್ ಮಾಡಿ ಹೋಗಬೇಕು ಎನ್ನುತ್ತಾನೆ ನನ್ನ ತಂಗಿಯ ಮಗ. ಅವನ ಇಡೀ ಕಚೇರಿ ಬೆನ್ನಿನ ಮೇಲಿನ ಚೀಲದಲ್ಲಿದೆ.

ಚೀಲ ಎಂದಾಗ ಮಾರ್ಗಯ್ಯ ನೆನಪಾಗುತ್ತಾನೆ. ಆರ್. ಕೆ. ನಾರಾಯಣ್ 1952ರಲ್ಲಿ ಬರೆದ 'ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್' ಕಾದಂಬರಿಯ ನಾಯಕ. ಸಹಕಾರಿ ಬ್ಯಾಂಕಿನ ಎದುರಿನ ಆಲದ ಮರದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾನೆ. ಪೆನ್ನು, ಮಸಿ, ಲೆಕ್ಕದ ಪುಸ್ತಕ, ಸಾಲದ ಅರ್ಜಿಗಳು ಎಲ್ಲ ಅದರೊಳಗೆ. ಹಳ್ಳಿಯಿಂದ ಬಂದ ರೈತರಿಗೆ ಬ್ಯಾಂಕಿನೊಳಗಿನವರಿಗಿಂತ ಆ ಪೆಟ್ಟಿಗೆಯ ಮೇಲೆಯೇ ಹೆಚ್ಚು ನಂಬಿಕೆ. ಟಿ. ಎಸ್. ನಾಗಾಭರಣ ಇದನ್ನು 1983ರಲ್ಲಿ 'ಬ್ಯಾಂಕರ್ ಮಾರ್ಗಯ್ಯ' ಎಂದು ಕನ್ನಡದಲ್ಲಿ ಸಿನಿಮಾ ಮಾಡಿದರು. ಲೋಕೇಶ್ ಮಾರ್ಗಯ್ಯನಾದರು. ಮರದ ನೆರಳು, ಒಂದು ಪೆಟ್ಟಿಗೆ, ಮುಂದೆ ಕುಕ್ಕರುಗಾಲಲ್ಲಿ ಕೂತ ಗಿರಾಕಿ, ಇಷ್ಟಿದ್ದರೆ ಸಾಕು, ಕಚೇರಿಯಾಯಿತು. ಏಕೆಂದರೆ ಅಲ್ಲಿ ಏನು ಕೆಲಸ ನಡೆಯುತ್ತಿದೆ, ಅದರಿಂದ ಯಾರಿಗೆ ಎಷ್ಟು ಲಾಭ, ಯಾರಿಗೆ ಭಯ ಎಂಬುದು ನೋಡುವವನಿಗೆ ಗೊತ್ತು. ಹಳೆಯ ಶಾನುಭೋಗರ ಓರೆ ಮುಚ್ಚಳದ ಮರದ ಪೆಟ್ಟಿಗೆಯೂ ಇದೇ ಜಾತಿಯದು. ಮುಚ್ಚಳವೇ ಬರೆಯುವ ಮೇಜು, ಒಳಗೆ ಊರಿನ ಲೆಕ್ಕ. ಹುಣಸೆಬೀಜದ ಅಂಬಲಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು ಮಾಡಿದ ಕಪ್ಪು ಕಡತಗಳಲ್ಲಿ ಬಳಪದಿಂದ ಬರೆದಿಟ್ಟ ಜಮೀನು, ಕಂದಾಯ, ಬಾಕಿ. ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಅಂಥ ಪೆಟ್ಟಿಗೆಗಳು ಈಗಲೂ ಸಿಗುತ್ತವೆ.

ಕೆಲಸವನ್ನೇ ತೋರಿಸಿದರೆ ಯಾರು ನೋಡುತ್ತಾರೆ ಎಂದು ಕೇಳುವವರಿದ್ದಾರೆ. ಅವರು ಕಂಪ್ಯೂಟರು ಬರುವ ಮೊದಲಿನ ಬ್ಯಾಂಕ್ ಶಾಖೆಯೊಂದರಲ್ಲಿ ಒಂದು ಸಂಜೆ ಕೂತಿರಬೇಕಿತ್ತು. ನಾನು ಹೊಸದಾಗಿ ಸೇರಿದ್ದೆ. ಹೊರಗೆ ಮಲೆನಾಡಿನ ಮಳೆ, ಕೊನೆಯ ಬಸ್ಸಿಗೆ ಹೆಚ್ಚು ಹೊತ್ತಿಲ್ಲ, ಲೆಕ್ಕ ಮಾತ್ರ ಟ್ಯಾಲಿ ಆಗುತ್ತಿಲ್ಲ. ಅಕೌಂಟೆಂಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಕೇಳಿದರು:

"ಎಷ್ಟ್ರೀ ಡಿಫರೆನ್ಸು?"

"ಇನ್ನೂರ ಎಪ್ಪತ್ತು ಸರ್."

"ಒಂಬತ್ತರಲ್ಲಿ ಹೋಗುತ್ತಾ ನೋಡಿ."

"ಹೋಗುತ್ತೆ ಸರ್. ಮೂವತ್ತು."

"ಹಾಗಾದ್ರೆ ಎಲ್ಲೋ ಅಂಕಿ ಅದಲುಬದಲಾಗಿದೆ. ನೂರರ ಸ್ಥಾನ, ಹತ್ತರ ಸ್ಥಾನ. ಎರಡಕ್ಕೂ ಮೂರರ ಅಂತರ ಇರಬೇಕು. ಹುಡುಕಿ."

ಮೈ ಜುಮ್ಮೆಂದಿತು. ವೋಚರುಗಳ ರಾಶಿಯ ಮುಂದೆ ಕೂತು, ಒಂದನ್ನೂ ಮುಟ್ಟದೆ, ತಪ್ಪು ಎಲ್ಲಿರಬಹುದು, ಹೇಗಿರಬಹುದು ಎಂದು ಅವರು ಹೇಳಿದ್ದರು. ಪಕ್ಕಪಕ್ಕದ ಎರಡು ಅಂಕಿ ಜಾಗ ಬದಲಿಸಿಕೊಂಡರೆ ಉಳಿಯುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 54ನ್ನು 45 ಎಂದು ಬರೆದರೆ ಒಂಬತ್ತು, 81ನ್ನು 18 ಎಂದು ಬರೆದರೆ ಅರವತ್ತಮೂರು. ಖರ್ಚಿನ ಕಡೆ ಬರೆಯಬೇಕಾದದ್ದನ್ನು ಜಮೆಯ ಕಡೆ ಬರೆದಿದ್ದರೆ ವ್ಯತ್ಯಾಸ ಎರಡು ಪಟ್ಟಾಗುತ್ತದೆ, ಆಗ ಅದನ್ನು ಅರ್ಧ ಮಾಡಿ ಆ ಮೊತ್ತದ ವೋಚರು ಹುಡುಕಬೇಕು. ಒಬ್ಬರು ಗಟ್ಟಿಯಾಗಿ ಓದುತ್ತ ಹೋದರು, ಇನ್ನೊಬ್ಬರು ಲೆಡ್ಜರಿನಲ್ಲಿ ಟಿಕ್ ಹಾಕುತ್ತ ಬಂದರು. ಯಾರೋ ಅಡಿಕೆ ಬೆಳೆಗಾರರ ಖಾತೆಯಲ್ಲಿ 1,410 ಎನ್ನುವುದು 1,140 ಆಗಿ ಕೂತಿತ್ತು. ಕ್ಯಾಷಿಯರು ಮೇಜು ಕುಟ್ಟಿ ಕೂಗಿದರು. ಅಟೆಂಡರು ಓಡಿಹೋಗಿ ಬಸ್ಸನ್ನು ನಿಲ್ಲಿಸಿದ. ಆ ಸಂಜೆಯ ಬಿಗಿ, ಆ ಕೂಗು, ಬಸ್ಸಿನೊಳಗೆ ಎಲ್ಲರೂ ಒಟ್ಟಿಗೆ ನಕ್ಕದ್ದು, ಇದಕ್ಕಿಂತ ಒಳ್ಳೆಯ ಒಂದು ಕಂತು ಯಾವ ಧಾರಾವಾಹಿಗೆ ಬೇಕು?

ಹೊರದೇಶದವರು ಇದನ್ನು ಸ್ವಲ್ಪ ಅರಿತುಕೊಂಡಿದ್ದಾರೆ. 2001ರಲ್ಲಿ ಬಿಬಿಸಿಯಲ್ಲಿ ಬಂದು, 2005ರಿಂದ 2013ರವರೆಗೆ ಅಮೆರಿಕದಲ್ಲಿ ಹೊಸ ರೂಪದಲ್ಲಿ ನಡೆದ 'ದಿ ಆಫೀಸ್' ಕಾಗದ ಮಾರುವ ಒಂದು ಸಣ್ಣ ಶಾಖೆಯ ಕಥೆ. ಮೊದಲ ಕಂತಿನಲ್ಲೇ ಒಬ್ಬನ ಸ್ಟೇಪ್ಲರನ್ನು ಪಕ್ಕದವನು ಜೆಲ್ಲಿಯೊಳಗೆ ಹುದುಗಿಸಿಡುತ್ತಾನೆ. ಸ್ಟೇಪ್ಲರು ಅವನ ಸ್ವಂತದ್ದು ಎಂಬ ಭಾವ ನೋಡುವವರಲ್ಲೂ ಇರುವುದರಿಂದಲೇ ಅದು ನಗು ತರಿಸುತ್ತದೆ. ನಮ್ಮ ದೇಶದಲ್ಲಿ 2001ರಲ್ಲಿ ಬಂದ ಹಿಂದಿಯ 'ಆಫೀಸ್ ಆಫೀಸ್'ನಲ್ಲಿ ಪಂಕಜ್ ಕಪೂರ್ ಮುಸದ್ದಿಲಾಲ್ ಆಗಿ ಕಚೇರಿಯಿಂದ ಕಚೇರಿಗೆ ಅಲೆದರು. ಅದು ಕೌಂಟರಿನ ಹೊರಗೆ ನಿಂತವನ ಸಂಕಟ, ಅದೂ ನಿಜವೇ. ಒಳಗೆ ಕೂತವನ ದಿನ ಹೇಗಿರುತ್ತದೆ ಎಂಬುದು ಮಾತ್ರ ಅಲ್ಲಿ ಬರಲಿಲ್ಲ.

2022ರ 'ಸೆವೆರೆನ್ಸ್' ನನ್ನನ್ನು ನಿಜಕ್ಕೂ ಕಲಕಿತು. ಅದರಲ್ಲಿ ನೌಕರರು ಮೆದುಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುತ್ತಾರೆ. ಕಚೇರಿಯೊಳಗೆ ಮನೆಯ ನೆನಪಿಲ್ಲ, ಮನೆಯಲ್ಲಿ ಕಚೇರಿಯ ನೆನಪಿಲ್ಲ. ದೊಡ್ಡ ಖಾಲಿ ಕೋಣೆಯ ನಡುವೆ ನಾಲ್ಕು ಮೇಜು. ಪರದೆಯ ಮೇಲೆ ಓಡುವ ಅಂಕಿಗಳನ್ನು ಬೇರ್ಪಡಿಸುತ್ತಾರೆ, ಯಾಕೆಂದು ಅವರಿಗೇ ಗೊತ್ತಿಲ್ಲ. ಕಂಪನಿಯ ಕಟ್ಟಡವಾಗಿ ಅಲ್ಲಿ ಕಾಣುವುದು ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿರುವ ಹಳೆಯ ಬೆಲ್ ಲ್ಯಾಬ್ಸ್, ಈರೋ ಸಾರಿನೆನ್ ವಿನ್ಯಾಸ ಮಾಡಿ 1962ರಲ್ಲಿ ತೆರೆದ ಗಾಜಿನ ಮಹಾಭವನ. 1985ರ ಸುಮಾರಿಗೆ ಹೋಮ್‌ಡೆಲ್‌ನಲ್ಲೇ ಸ್ಟೀವನ್ ಚು ಮತ್ತು ಸಂಗಡಿಗರು ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಂಪಾಗಿಸಿ ನಿಧಾನಗೊಳಿಸಿದರು. ಚು ಅವರಿಗೆ 1997ರಲ್ಲಿ ನೊಬೆಲ್ ಬಂತು. ಮನುಷ್ಯರು ತಮ್ಮ ಕೆಲಸದ ಅರ್ಥ ಪೂರ್ತಿ ಬಲ್ಲವರಾಗಿ ಓಡಾಡಿದ ಜಾಗದಲ್ಲಿ, ಅರ್ಥವೇ ತಿಳಿಯದ ಕೆಲಸದ ಕಥೆ. ನೋಡುತ್ತ ನೋಡುತ್ತ ನನಗೆ ಆ ನಾಲ್ವರ ಮೇಲೆ ಕನಿಕರ ಉಕ್ಕಿತು. ಮನೆಯ ಫೋಟೋ ಒಂದನ್ನು ಮೇಜಿನಲ್ಲಿ ಇಟ್ಟುಕೊಂಡರೂ ಅದು ಯಾರೆಂದು ಅವರಿಗೆ ತಿಳಿಯುವುದಿಲ್ಲ.

ಕನ್ನಡದಲ್ಲಿ ಒಂದು ಧಾರಾವಾಹಿ ಆಗಲಿ ಎಂದು ನನಗೆ ಬಹಳ ಆಸೆ. ತಾಲ್ಲೂಕಿನ ಉಪಖಜಾನೆ, ಮಾರ್ಚ್ 31. ಆ ರಾತ್ರಿ ದಾಟಿದರೆ ಖರ್ಚಾಗದ ಅನುದಾನ ಲ್ಯಾಪ್ಸು. ಎಲ್ಲ ಇಲಾಖೆಗಳ ಬಿಲ್ಲುಗಳೂ ಒಟ್ಟಿಗೇ ಬಂದು ಬೀಳುತ್ತವೆ. ಸರ್ವರು ನಿಧಾನ. ಹಾಸ್ಟೆಲಿನ ಅಡುಗೆಯವರ ಕೂಲಿಯ ಬಿಲ್ಲಿನಲ್ಲಿ ಲೆಕ್ಕಶೀರ್ಷಿಕೆಯ ಒಂದು ಅಂಕಿ ತಪ್ಪಿ ಆಕ್ಷೇಪಣೆಯೊಂದಿಗೆ ವಾಪಸಾಗಿದೆ. ಸರಿಪಡಿಸಿ ಮತ್ತೆ ಸಹಿ ಮಾಡಬೇಕಾದ ಅಧಿಕಾರಿ ಮಗಳ ನಿಶ್ಚಿತಾರ್ಥಕ್ಕೆಂದು ಹಾಸನಕ್ಕೆ ಹೋಗಿದ್ದಾರೆ. ನಮ್ಮ ನಾಯಕಿ ಎಫ್‌ಡಿಎ, ಐವತ್ತು ದಾಟಿದವರು, ಆ ಅಡುಗೆಯವರನ್ನು ಒಮ್ಮೆಯೂ ನೋಡಿದವರಲ್ಲ. ಅವರು ಫೋನೆತ್ತುತ್ತಾರೆ. ಅಲ್ಲಿಂದ ರಾತ್ರಿ ಹನ್ನೆರಡರವರೆಗೆ ಬೇರೆ ಖಳನಾಯಕ ಬೇಡವೇ ಬೇಡ.

ಮಧ್ಯಾಹ್ನ ಡಬ್ಬಿ ಬಿಚ್ಚುವ ದೃಶ್ಯವನ್ನಂತೂ ನಿರ್ದೇಶಕರು ಕತ್ತರಿಸಬಾರದು. ಧಾರಾವಾಹಿಯ ಕಚೇರಿಗಳಲ್ಲಿ ಯಾರೂ ಊಟ ಮಾಡುವುದನ್ನು ನಾನು ಕಂಡಿಲ್ಲ, ಬರೀ ಕಾಫಿ ಕಪ್ಪು ಹಿಡಿದಿರುತ್ತಾರೆ. ವರ್ಗಾವರ್ಗಿಯಿಂದ ಈ ನಾಡಿಗೆ ಆದ ದೊಡ್ಡ ಉಪಕಾರ ಡಬ್ಬಿಗಳ ಮೂಲಕವೇ ಆಗಿದೆ. ಕುಂದಾಪುರದವರ ನೀರುದೋಸೆ, ಹಾಸನದವರ ಸೊಪ್ಪಿನ ಹುಳಿ, ಕಲಬುರಗಿಯಿಂದ ಬಂದವರ ಜೋಳದ ರೊಟ್ಟಿ ಒಂದೇ ಮೇಜಿನ ಮೇಲೆ ಹಾಸಿದ ಹಳೆಯ ಪೇಪರಿನ ಮೇಲೆ ಕೂಡುತ್ತಿದ್ದವು. ನಮ್ಮ ಮನೆಯಲ್ಲಿ ಈಗಲೂ ಮಾಡುವ ಗುರೆಳ್ಳು ಚಟ್ನಿಪುಡಿ ಬಂದದ್ದು ಬಾಗಲಕೋಟೆಯ ಸಹೋದ್ಯೋಗಿಯೊಬ್ಬರ ಡಬ್ಬಿಯಿಂದ. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿಯಬೇಕು, ಆರಿದ ಮೇಲೆ ಒಣಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ ಹಾಕಿ ತರಿತರಿಯಾಗಿ ಕುಟ್ಟಬೇಕು. ಬೆಳ್ಳುಳ್ಳಿಯ ಸಿಪ್ಪೆ ತೆಗೆಯಬಾರದು ಎಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ನನ್ನ ಹೆಂಡತಿ ತೆಗೆಯುತ್ತಾಳೆ. ಈ ವಿಷಯದಲ್ಲಿ ನಾನು ಬಾಗಲಕೋಟೆಯವರ ಕಡೆ.