ಒಂದು ಹಲ್ಲು ಕಡಿಮೆ

ನನ್ನ ತವರೂರು ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದು ನಮ್ಮ ಮನೆಯ ಹಳೆಯ ರೂಢಿ. ಅಪ್ಪ ಇದ್ದಾಗ ಚಕ್ಕಡಿ ಹೂಡುತ್ತಿದ್ದರು. ಬಿದಿರಿನ ಕಮಾನು ಕಟ್ಟಿ ತಾಡಪತ್ರಿ ಹೊದಿಸಿದರೆ ಮೂರು ದಿನ ಅದೇ ನಮ್ಮ ಮನೆ. ಏರು ಬಂದಾಗ ಎಲ್ಲರೂ ಕೆಳಗಿಳಿದು ನಡೆಯಬೇಕು. ಎತ್ತುಗಳು ನಿಂತು ದಣಿವಾರಿಸಿಕೊಳ್ಳುವಾಗ ಗಾಲಿಯ ಹಿಂದೆ ಕಲ್ಲು ಇಡುವುದು ಮಕ್ಕಳಾದ ನಮ್ಮ ಕೆಲಸ.

ಅಪ್ಪ ಹೋದರು, ಎತ್ತುಗಳೂ ಹೋದವು. ಕೆಲವು ವರ್ಷಗಳ ಹಿಂದೆ ಅಣ್ಣ ಎರಡು ಸಾಲು ಸೀಟಿನ ಹಳೆಯ ಪಿಕಪ್ ಒಂದನ್ನು ಕೊಂಡ. ಅಷ್ಟಕ್ಕೇ ಬಿಡಲಿಲ್ಲ. ಎರೆ ಹೊಲದ ಕೆಸರಿನಲ್ಲಿ ಗಾಡಿ ಹೂತುಹೋಗುತ್ತದೆ ಎಂಬ ನೆಪ ಹೇಳಿ ಅದನ್ನು ಎತ್ತರ ಮಾಡಿಸಿದ, ದೊಡ್ಡ ಟಯರ್ ಹಾಕಿಸಿದ. ಹಿಂದಿನ ತೊಟ್ಟಿಯ ಮೇಲೆ ಕಬ್ಬಿಣದ ಆಂಗಲ್, ಪ್ಲೈವುಡ್, ತಗಡು ಸೇರಿಸಿ ಒಂದು ಗೂಡು ಕಟ್ಟಿಸಿದ. ಅದರೊಳಗೆ ಮಲಗಲು ಹಲಗೆ, ಒಲೆ ಇಡಲು ಕಟ್ಟೆ, 200 ಲೀಟರ್ ನೀರಿನ ಡ್ರಮ್ಮು. ಮಕ್ಕಳು ಅದಕ್ಕೆ ಗುಬ್ಬಿಗೂಡು ಎಂದು ಹೆಸರಿಟ್ಟರು. ಅವ್ವ ಮಾತ್ರ, “ಇದನ್ನ ಹತ್ತಾಕ ನನಗ ಏಣಿ ಬೇಕಲ್ಲೋ!” ಅಂದಳು.

ಆ ವರ್ಷ ಗುಬ್ಬಿಗೂಡಿನಲ್ಲೇ ಹೊರಟೆವು. ಬಯಲು ದಾರಿಯಲ್ಲಿ ತೊಂದರೆ ಇರಲಿಲ್ಲ. ಜೋಗುಳಬಾವಿಯಲ್ಲಿ ಮಿಂದು, ಗುಡ್ಡದ ಏರಿಗೆ ಬಂದಾಗ ಮುಂದೆ ವಾಹನಗಳ ಸಾಲು ನಿಂತಿತ್ತು. ನಾವೂ ನಿಂತೆವು. ಸಾಲು ಸರಿದಾಗ ಅಣ್ಣ ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟ. ಗಾಡಿ ನಡುಗಿತು, ಮುಂದೆ ಹೋಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಸುಟ್ಟ ವಾಸನೆ ಬಂತು. ಎಂಜಿನ್ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದರೂ ಗಾಡಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.

ಪಕ್ಕಕ್ಕೆ ತಿರುಗಿ ನೋಡಿದೆ. ಒಂಬತ್ತು ವರ್ಷದ ನನ್ನ ಮಗ ಸೀಟಿನಲ್ಲಿ ಇರಲಿಲ್ಲ. ಅಜ್ಜನ ಚಕ್ಕಡಿಯ ಕತೆಯನ್ನು ಅವನಿಗೆ ಹೇಳಿದವಳು ನಾನೇ. ಬಾಗಿಲು ತೆರೆದು ಇಳಿದು, ಎರಡೂ ಕೈಯಲ್ಲಿ ಕಲ್ಲು ಹಿಡಿದು ಹಿಂದಿನ ಟಯರಿನ ಬಳಿ ಬಗ್ಗಿದ್ದ. ನಾನು ಕಿರುಚಿದೆ. ಮೈತುಂಬ ಭಂಡಾರ ಬಳಿದುಕೊಂಡಿದ್ದ ಯಾರೋ ಒಬ್ಬರು ಅವನ ಅಂಗಿ ಹಿಡಿದು ಆಚೆ ಎಳೆದರು. ಟಯರು ಆ ಕಲ್ಲಿಗೆ ತಾಗಿ ನಿಂತಿತು. ಅವರ ಹೆಸರು ಕೇಳುವಷ್ಟರಲ್ಲಿ ಅವರು ಜನರ ನಡುವೆ ಕಾಣದಾದರು.

ನಮ್ಮನ್ನು ಮೇಲಕ್ಕೆ ಎಳೆದದ್ದು ಪರವೂರಿನವರ ಟ್ರ್ಯಾಕ್ಟರ್. ಆ ರಾತ್ರಿ ಅಣ್ಣ ಊಟ ಮಾಡಲಿಲ್ಲ.

ಮರುವಾರ ಧಾರವಾಡದ ಒಬ್ಬ ವಯಸ್ಸಾದ ಮಿಸ್ತ್ರಿಯ ಬಳಿ ಹೋದೆವು. ಮಗನೂ ಜೊತೆಗಿದ್ದ. ಅಣ್ಣ, “ಎಂಜಿನ್ ಸೋತೈತ್ರಿ” ಅಂದ. ಮಿಸ್ತ್ರಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. “ಎಂಜಿನ್ ಸೋತಿಲ್ಲ. ನೀವು ಸೋಲಿಸೀರಿ” ಅಂದರು.

ಹಿಂದಿನ ಎರಡೂ ಚಕ್ರಗಳನ್ನು ಮೇಲಕ್ಕೆತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟರು. ಟಯರಿಗೂ, ಎಂಜಿನ್ ಕಡೆಯಿಂದ ಬರುವ ಉದ್ದನೆಯ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆದರು. “ತಮ್ಮಾ, ಎರಡೂ ಗಾಲಿ ಕೂಡೇ ಒಂದು ಸುತ್ತು ತಿರಗಸ್ತೀನಿ. ಶಾಫ್ಟು ಎಷ್ಟು ಸುತ್ತು ಹಾಕ್ತೈತಿ, ನೀ ಎಣಸು.”

ಮಗ ಎಣಿಸಿದ. “ನಾಕು ಸುತ್ತು, ಮತ್ತ ಚೂರು!”

ಆ ಚೂರಿನಲ್ಲೇ ಲೆಕ್ಕವಿತ್ತು. ಹಿಂದಿನ ಅಚ್ಚಿನ ನಡುವಿನ ಗುಂಡನೆಯ ಹೊಟ್ಟೆಯೊಳಗೆ ಎರಡು ಹಲ್ಲುಗಾಲಿಗಳಿರುತ್ತವೆ. ಶಾಫ್ಟಿಗೆ ಸೇರಿದ ಚಿಕ್ಕದು ಪಿನಿಯನ್, ಚಕ್ರಗಳನ್ನು ತಿರುಗಿಸುವ ದೊಡ್ಡದು ಕ್ರೌನ್. ನಮ್ಮ ಗಾಡಿಯಲ್ಲಿ ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 10. ಅಂದರೆ ಶಾಫ್ಟು 4.1 ಸುತ್ತು ಹಾಕಿದರೆ ಚಕ್ರ ಒಂದು ಸುತ್ತು. ಮೊದಲಿದ್ದ ಟಯರಿನ ಎತ್ತರ 70 ಸೆಂಟಿಮೀಟರ್, ಒಂದು ಸುತ್ತಿಗೆ ಸುಮಾರು 220 ಸೆಂಟಿಮೀಟರ್ ನೆಲ ಸಾಗುತ್ತಿತ್ತು. ಅಣ್ಣ ಹಾಕಿಸಿದ್ದು 78ರದು, ಅದು 245 ಸೆಂಟಿಮೀಟರ್ ಸಾಗುತ್ತದೆ. ಅದೇ ಎಂಜಿನ್ ಪ್ರತಿ ಸುತ್ತಿಗೂ ಹೆಚ್ಚು ದೂರ ದೂಡಬೇಕು. ಅಷ್ಟರಮಟ್ಟಿಗೆ ಎಳೆತ ಕಡಿಮೆ. ಟಯರ್ ದೊಡ್ಡದಾದ್ದರಿಂದಲೇ 4.1 ಅನ್ನುವುದು 3.7ರ ಹತ್ತಿರ ಇಳಿದಂತಾಗಿತ್ತು. ಅದರ ಮೇಲೆ ಗೂಡಿನ ಭಾರ ಬೇರೆ.

“ಸ್ಪೀಡೋಮೀಟರ್ ಸೈತ ನಿಮಗ ಸುಳ್ಳು ಹೇಳಾಕತ್ತಿತ್ತು. 50 ತೋರಿಸಿದಾಗ ನೀವು 56ರ ಹತ್ತರ ಓಡಸ್ತಿದ್ರಿ” ಅಂದರು ಮಿಸ್ತ್ರಿ.

ಅಣ್ಣ ಕೇಳಿದ: “ಟಯರ್ ಹಂಗ ಇರಲಿ, ಹಲ್ಲು ಬದಲಿ ಮಾಡಿದ್ರ ಆಗೂದಿಲ್ಲೇನ್ರಿ?”

“ಆಗತೈತಿ. 9 ಹಲ್ಲಿನ ಪಿನಿಯನ್ ಹಾಕಿದ್ರ 4.56. ಮೊದಲಿನ ಎಳೆತ ತಿರುಗಿ ಬರತೈತಿ. ಆದ್ರ ಎತ್ತರ ಕಡಿಮಿ ಆಗೂದಿಲ್ಲ, ತಲಿಭಾರ ಹೋಗೂದಿಲ್ಲ, ಬ್ರೇಕಿಗೆ ಬಲ ಬರೂದಿಲ್ಲ. ಹಲ್ಲು ಎಳೀತೈತ್ರಿ, ಹಿಡಿದು ನಿಲ್ಲಸೂದಿಲ್ಲ.” ಕಂಪನಿ ಮಾಡಿದ್ದನ್ನೂ ನೋಂದಣಿ ಪತ್ರದಲ್ಲಿ ಇರುವುದನ್ನೂ ಮನಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆ ಒಪ್ಪುವುದಿಲ್ಲ ಎಂಬುದನ್ನೂ ನೆನಪಿಸಿದರು.

ಅಣ್ಣ ಬಹಳ ಹೊತ್ತು ಟಯರ್ ನೋಡುತ್ತ ನಿಂತ. ಆಮೇಲೆ ನನ್ನ ಮಗನ ತಲೆಯ ಮೇಲೆ ಕೈಯಿಟ್ಟು, “ಎಲ್ಲಾ ತಗೀರಿ” ಅಂದ.

ಎತ್ತರ ಇಳಿಯಿತು. ಹಳೆಯ ಅಳತೆಯ ಟಯರ್ ಬಂತು. ಕಟ್ಟಿದ ಗೂಡನ್ನು ಕಳಚಿ, ಕೊಯ್ಲಿನಲ್ಲಿ ಕಾವಲು ಮಲಗಲೆಂದು ಹೊಲದಲ್ಲಿ ಇಟ್ಟರು. ಡ್ರಮ್ಮು ಹಿತ್ತಲು ಸೇರಿತು. ಗಾಡಿಯ ಮೇಲೆ ಉಳಿದದ್ದು ಅಪ್ಪನ ಕಾಲದ ಹಾಗೆ ಒಂದು ತಾಡಪತ್ರಿ. ಕ್ರೌನ್ ಹೇಗೂ ಸವೆದಿತ್ತು. ಕ್ರೌನ್, ಪಿನಿಯನ್ ಎರಡೂ ಜೋಡಿಯಾಗಿಯೇ ಬರಬೇಕು, ಒಂದನ್ನೇ ಬದಲಿಸಿದರೆ ಹಲ್ಲು ಹಲ್ಲನ್ನು ತಿನ್ನುತ್ತದೆ. ಹಾಗಾಗಿ ಏರಿಗೆ ಅನುಕೂಲವಾಗಲಿ ಎಂದು ಅದೇ ಕಂಪನಿಯ 41ಕ್ಕೆ 9ರ ಜೋಡಿಯನ್ನು ಹಾಕಿದರು. ಹಲ್ಲುಗಳಿಗೆ ಬಣ್ಣ ಸವರಿ, ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವತನಕ ತೆಳು ತಗಡಿನ ಶಿಮ್ಮುಗಳನ್ನು ಹಾಕಿ ತೆಗೆದು ಹೊಂದಿಸಿದರು. ಅದಕ್ಕೇ ಇಡೀ ದಿನ ಹಿಡಿಯಿತು. “ಮೊದಲ 500 ಕಿಲೋಮೀಟರ್ ಭಾರ ಹೇರಬ್ಯಾಡ್ರಿ. ಆಮ್ಯಾಲ ಬಂದು ಎಣ್ಣಿ ಬದಲಿ ಮಾಡಿಸ್ರಿ” ಅಂದರು.

ಪಿನಿಯನ್‌ನಲ್ಲಿ ಒಂದು ಹಲ್ಲು ಕಡಿಮೆಯಾಯಿತು. ಓಟವೂ ಕಡಿಮೆಯಾಯಿತು. ದೊಡ್ಡ ರಸ್ತೆಯಲ್ಲಿ ಎಂಜಿನ್ ಗದ್ದಲ ಮಾಡುತ್ತದೆ, ಎಲ್ಲರೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ. ಆದರೆ ಮರುವರ್ಷ ಗುಡ್ಡದ ಏರಿನಲ್ಲಿ ಮೂರು ಸಲ ನಿಂತು ಮೂರು ಸಲವೂ ಹೊರಟೆವು. ಗಾಡಿ ಒಮ್ಮೆಯೂ ಹಿಂದೆ ಜಾರಲಿಲ್ಲ. ಮರದ ಗುಟ್ಟವೊಂದು ಅಣ್ಣನ ಸೀಟಿನ ಕೆಳಗಿರುತ್ತದೆ. ಗಾಡಿ ಪೂರ್ತಿ ನಿಂತ ಮೇಲೆ ಅದನ್ನು ಇಡುವವರು ದೊಡ್ಡವರೇ. ಚಕ್ರದ ಹಿಂದೆ ಮಕ್ಕಳು ಹೋಗುವಂತಿಲ್ಲ ಎಂಬುದು ನಮ್ಮ ಮನೆಯ ಕಾನೂನು. ಚಕ್ಕಡಿಯ ಕತೆ ಹೇಳುವಾಗ ಈಗ ಅದನ್ನೂ ಸೇರಿಸಿ ಹೇಳುತ್ತೇನೆ.

ಅವ್ವ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕುಳಿತಿದ್ದಳು. ವಾಪಸು ಬರುವಾಗ ಮಗ ಮುಂದೆ ಬಗ್ಗಿ ಸ್ಪೀಡೋಮೀಟರ್ ನೋಡಿದ.

“ಮಾಮಾ, 50 ತೋರಸಾಕತ್ತೈತಿ. ಆದ್ರ ನಾವು 45ರಾಗ ಅದೀವಿ. ಈಗೂ ಸುಳ್ಳ ಹೇಳಾಕತ್ತೈತಿ!”

“ಹೇಳಲಿ ಬಿಡೋ, ಇದು ಚಲೋ ಸುಳ್ಳು” ಅಂದಳು ಅವ್ವ.