ಒದೆಯುವ ಹಸು

ಹೆಣ್ಣು ನೋಡಲು ಹೋಗುವವರೂ ಒಂದು ಸಲ ಹೋಗಿ ಉಪ್ಪಿಟ್ಟು ತಿಂದು ತೀರ್ಮಾನ ಮಾಡಿಬಿಡುತ್ತಾರೆ. ನಾನು ಒಂದು ಹಸುವನ್ನು ಮೂರು ಸಲ ನೋಡಿ ಬಂದವಳು. 1995ರ ದೀಪಾವಳಿ ಕಳೆದ ಮೇಲಿನ ಮಾತು. ತೀರ್ಥಹಳ್ಳಿಯ ಅಂಚಿನಲ್ಲಿದ್ದ ನಮ್ಮ ಮನೆಯ ಕೊಟ್ಟಿಗೆ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಹಳೆಯ ಹಸು ವಯಸ್ಸಾಗಿ ಸತ್ತ ಮೇಲೆ ಇವರು, "ಇನ್ನು ಸಾಕು, ಪ್ಯಾಕೆಟ್ ಹಾಲು ಬರುತ್ತಲ್ಲ" ಎಂದು ಅಲ್ಲಿ ಸ್ಕೂಟರ್ ನಿಲ್ಲಿಸತೊಡಗಿದ್ದರು. ಕೊಟ್ಟಿಗೆಯಲ್ಲಿ ಪೆಟ್ರೋಲ್ ವಾಸನೆ! ನನಗಂತೂ ಸಹಿಸಲಾಗಲಿಲ್ಲ.

ರವಿಕೆ ಹೊಲಿದು, ಚೀಟಿ ಕಟ್ಟಿ ಕೂಡಿಟ್ಟ ಎರಡು ಸಾವಿರ ರೂಪಾಯಿ ನನ್ನ ಹತ್ತಿರವಿತ್ತು. ಮದುವೆಯಾಗಿ ಹದಿನೇಳು ವರ್ಷವಾಗಿದ್ದರೂ ನೂರು ರೂಪಾಯಿಗಿಂತ ಹೆಚ್ಚಿನ ಯಾವ ವಸ್ತುವನ್ನೂ ನಾನೊಬ್ಬಳೇ ಆರಿಸಿ ಕೊಂಡವಳಲ್ಲ. ಸೀರೆಯ ಅಂಗಡಿಯಲ್ಲೂ "ಇದು ಹೇಗಿದೆ ನೋಡಿ" ಎಂದು ಇವರ ಮುಖ ನೋಡುವ ಅಭ್ಯಾಸ.

ಕೊಪ್ಪದ ದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ಆ ಮನೆ. ಮೊದಲ ಸಲ ಇವರೂ, ಸುಳಿ ನೋಡಲು ಬಲ್ಲ ನಮ್ಮ ಭಾವನವರೂ ಜೊತೆಗಿದ್ದರು. ಎರಡನೆಯ ಕರು ಹಾಕಿದ ಕಂದು ಬಣ್ಣದ ಹಸು, ಎತ್ತರ ನನ್ನ ಸೊಂಟದಷ್ಟು. ಈಗ ಮಲೆನಾಡು ಗಿಡ್ಡಕ್ಕೂ ಸರ್ಕಾರದ ತಳಿಗಳ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಆಗ ನಾವದನ್ನು ಬರೀ ನಾಟಿ ದನ ಎನ್ನುತ್ತಿದ್ದೆವು. ಮನೆಯ ಅಜ್ಜ ಕರೆಯಲು ಕೂತದ್ದೇ ತಡ, ಅದು ಕಾಲು ಬೀಸಿತು. ಕುದುರೆಯಾದರೆ ಹಿಂದಕ್ಕೆ ಝಾಡಿಸುತ್ತದೆ, ದೂರ ನಿಂತರಾಯಿತು. ಹಸು ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತದೆ, ಕರೆಯುವವರು ಕೂರುವ ಜಾಗಕ್ಕೇ ಸರಿಯಾಗಿ. ತಂಬಿಗೆ ಹಾರಿ, ಇದ್ದ ನಾಲ್ಕು ಹನಿ ಹಾಲು ಭಾವನವರ ಇಸ್ತ್ರಿ ಮಾಡಿದ ಪಂಚೆಯ ಮೇಲೆ ಬಿತ್ತು. ಆಮೇಲೆ ಅವರಿಗೆ ಸುಳಿಯೂ ಸರಿಯಾಗಿ ಕಾಣಲಿಲ್ಲ!

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಅತ್ತೆ ತಮ್ಮ ತವರಿನಲ್ಲಿ ಹಸು ಒದ್ದು ಪಕ್ಕೆಲುಬು ಮುರಿದುಕೊಂಡವರ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳಿದರು. ಪಕ್ಕದ ಮನೆಯವರು, "ಹಾಲು ಕೊಡೋ ಹಸು ಒದ್ದರೂ ಒದೆಸಿಕೊಳ್ಳಬೇಕು ಅಂತಾರೆ. ಇದು ಹಾಲೂ ಕೊಡದೆ ಒದೆಯುತ್ತಲ್ಲ ಮಾರಾಯ್ತಿ" ಎಂದರು. ಇವರು ಮಾತ್ರ ನಗಲಿಲ್ಲ. "ನಿನ್ನ ಬಲಗೈಗೆ ಪೆಟ್ಟು ಬಿದ್ದರೆ ಹೊಲಿಗೆಯೂ ಹೋಯಿತು. ಅದನ್ನು ಯೋಚಿಸಿದ್ದೀಯಾ?" ಎಂದು ಕೇಳಿದರು. ನಾನು ಯೋಚಿಸಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಇಬ್ಬರು ಮಕ್ಕಳ ಶಾಲೆಯ ಫೀಸು ನನ್ನ ಮಿಷನ್ನಿನಿಂದಲೇ ಬರುತ್ತಿತ್ತು.

ಆದರೂ ಮುಂದಿನ ವಾರ ಒಬ್ಬಳೇ ಹೋದೆ. ಸಂಜೆ, ಹೇಳದೆ ಕೇಳದೆ. ಅಜ್ಜ ಕೊಟ್ಟಿಗೆಯಲ್ಲಿದ್ದರು. ಪಂಚೆಯ ಮೇಲೆ ಹಳೆಯ ನೂಲಿನ ಸೀರೆಯೊಂದನ್ನು ಸುತ್ತಿಕೊಂಡು, ತಲೆಯ ಮೇಲೂ ಸೆರಗು ಹೊದ್ದಿದ್ದರು. ನನ್ನನ್ನು ಕಂಡು ನಾಚಿ ನಿಂತರು. ಹೆಂಡತಿ ಆ ಮಳೆಗಾಲದಲ್ಲಿ ತೀರಿಹೋಗಿದ್ದರಂತೆ. ಈ ಹಸುವಿಗೆ ಅವರ ಕೈ ಬಿಟ್ಟು ಬೇರೆ ಕೈ ಗೊತ್ತಿಲ್ಲ. "ಅವಳಿದ್ದಾಗ ಒಂದು ದಿನ ಕಾಲೆತ್ತಿದ್ದಲ್ಲ ತಂಗಿ. ಕರು ಹಾಕಿದ ಮೇಲೆ ಈ ಸೀರೆ ಸುತ್ತಿಕೊಂಡು ಕೂತೆ, ಹದಿನೈದು ದಿನ ಮೋಸ ಹೋಯಿತು. ಆಮೇಲೆ ಅದಕ್ಕೂ ಗೊತ್ತಾಯಿತು" ಎಂದರು. ದಲ್ಲಾಳಿ ಬಂದು ಕೇಳಿ ಹೋಗಿದ್ದಾನೆಂದೂ, ಹಾಲು ಕೊಡದ ದನವನ್ನು ಅವನು ಎಲ್ಲಿಗೆ ಸಾಗಿಸುತ್ತಾನೆಂದು ಬಲ್ಲೆನೆಂದೂ ಹೇಳಿ, ಮುಖ ಬೇರೆ ಕಡೆ ತಿರುಗಿಸಿದರು.

ನನಗೆ ಕರುಣೆ ಬಂತು, ನಿಜ. ಆದರೆ ಕರುಣೆಗೆ ಎರಡು ಸಾವಿರ ಕೊಡುವಷ್ಟು ದೊಡ್ಡವಳಲ್ಲ ನಾನು. ಕೂತು ನೋಡಿದೆ. ಅಜ್ಜನ ಕೈ ನಡುಗುತ್ತಿತ್ತು. ಹೆಬ್ಬೆರಳು ಮಡಿಸಿ ತೊಟ್ಟನ್ನು ಜಗ್ಗುತ್ತಿದ್ದರು. ಮೂರು ತೊಟ್ಟು ಹಿಂಡಿಸಿಕೊಂಡ ಹಸು ಹಿಂದಿನ ಎಡ ತೊಟ್ಟಿಗೆ ಕೈ ಹಾಕಿದಾಗಲೇ ಒದೆಯಿತು. ಬಗ್ಗಿ ನೋಡಿದರೆ ಅಲ್ಲಿ ಉದ್ದಕ್ಕೆ ಬಿರುಕು.

ಮರುದಿನ ಪಶು ವೈದ್ಯರನ್ನು ಕೇಳಿದೆ. ಕೊಳ್ಳಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬುದ್ಧಿವಂತರು! ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ, ಹಾಲಿನಲ್ಲಿ ಗಂಟು ಗಂಟು ಕಂಡರೆ ಕೆಚ್ಚಲು ಬಾವು, ಆಗ ಅದರ ಆಸೆ ಬಿಡಿ ಎಂದರು. ಗಂಟಿಲ್ಲದಿದ್ದರೆ ಬಿರುಕಿನ ನೋವಷ್ಟೇ ಇರಬಹುದು. ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದರೆ ಒಂದು ನಿಮಿಷದೊಳಗೆ ಸೊರೆ ಬಿಡುತ್ತದೆ, ಅದು ನಿಲ್ಲುವುದು ಕೆಲವೇ ನಿಮಿಷ, ಹೆದರಿದ ಹಸು ಹಾಲನ್ನು ಮೇಲಕ್ಕೆ ಏರಿಸಿಕೊಳ್ಳುತ್ತದೆ ಎಂದು ವಿವರಿಸಿದರು. ಹಸುವಿಗೆ ಸುತ್ತಲೂ ಕಣ್ಣು ಹಾಯುತ್ತದೆ, ನೇರ ಬೆನ್ನ ಹಿಂದಿನದು ಮಾತ್ರ ಕಾಣದು, ಆದ್ದರಿಂದ ಹಿಂದಿನಿಂದ ಹೋಗಿ ಬೆಚ್ಚಿಬೀಳಿಸಬೇಡಿ ಎಂದೂ ಹೇಳಿದರು.

ಮೂರನೆಯ ಸಲ ಹೋದಾಗ ನನ್ನ ಚೀಲದಲ್ಲಿ ಕಪ್ಪು ರವಿಕೆ ಬಟ್ಟೆಯ ತುಂಡೂ ಒಂದು ಡಬ್ಬಿ ಬೆಣ್ಣೆಯೂ ಇದ್ದವು. "ನಾನೇ ಕರೆಯುತ್ತೇನೆ" ಎಂದೆ. ಅಜ್ಜ ಬೇಡವೆಂದರು, ನಾನು ಕೇಳಲಿಲ್ಲ. ಎದುರಿನಿಂದ ಹೋಗಿ ಗಂಗೆದೊಗಲು ತುರಿಸಿದೆ, ಮೂಸಿ ನೋಡಿತು. ಕರು ಬಿಟ್ಟು ಎಳೆದು ಕಟ್ಟಿ, ತೊಳೆದು, ಬಟ್ಟೆಯ ಮೇಲೆ ಹಿಂಡಿದೆ. ಗಂಟಿರಲಿಲ್ಲ. ಎದೆ ಹಗುರಾಯಿತು. ಒಂದು, ಎರಡು, ಮೂರು ತೊಟ್ಟು. ನಾಲ್ಕನೆಯದಕ್ಕೆ ಬೆಣ್ಣೆ ಹಚ್ಚಿ ಮೆಲ್ಲಗೆ ಹಿಡಿದೆ. ಕಾಲೆತ್ತಿತು, ಕೆಳಗಿಟ್ಟಿತು. ಗೆದ್ದೆ ಅಂದುಕೊಂಡು ಬಿಗಿಯಾಗಿ ಹಿಡಿದೆನೋ ಏನೋ, ಗೊರಸು ಬಂದು ಸರಿಯಾಗಿ ಬಲಗೈ ಮಣಿಕಟ್ಟಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ತಂಬಿಗೆಯನ್ನು ಮಾತ್ರ ಬೀಳಗೊಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿಕೊಂಡೆ. ಆಡುತ್ತಿದ್ದವು.

"ಹೋಗಲಿ ಬಿಡು ತಂಗಿ, ಇದು ನಿನಗಾಗದು" ಎಂದರು ಅಜ್ಜ. ಒದೆಸಿಕೊಳ್ಳುವ ಮೊದಲು ನನಗೆ ಅರ್ಧ ಅನುಮಾನವಿತ್ತು, ಆಮೇಲೆ ಹೇಗೋ ಅದು ಹೋಯಿತು. ಯಾಕೆಂದು ಇವತ್ತಿಗೂ ಬಿಡಿಸಿ ಹೇಳಲಾರೆ. 1,800 ರೂಪಾಯಿ ಎಣಿಸಿ ಕೊಟ್ಟೆ, ಎಡಗೈಯಲ್ಲಿ. ಎಡಗೈಯಲ್ಲಿ ಕೊಟ್ಟೆನೆಂದು ಅವರು ಬೇಸರಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದೆ. ರಾತ್ರಿ ಸಾರು ಬಡಿಸುವಾಗ ಸೌಟು ಜಾರಿ ಗುಟ್ಟು ಬಯಲಾಯಿತು. ಇವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಸ್ಕೂಟರನ್ನು ಕೊಟ್ಟಿಗೆಯಿಂದ ಹೊರಗೆ ತಂದು, ಮೇಲೆ ಟಾರ್ಪಾಲು ಹೊದಿಸಿದರು.

ಬಿರುಕು ಮಾಯಲು ಮೂರು ವಾರ ಬೇಕಾಯಿತು. ಒಂದು ವಾರ ನಾನು ಹೊಲಿಗೆಗೆ ಕೂರಲಾಗದೆ ಎರಡು ಮದುವೆ ಮನೆಯ ರವಿಕೆಗಳು ಕೈತಪ್ಪಿದವು, ಅದನ್ನೂ ಹೇಳಬೇಕಲ್ಲ. ಆಮೇಲೆ ಎರಡು ಹೊತ್ತೂ ಸೇರಿ ಎರಡು ಲೀಟರ್ ಹಾಲು, ಅಕ್ಕಚ್ಚು ಹುಲ್ಲಿಗೇ ತೃಪ್ತಿ. ನನ್ನನ್ನು ಮತ್ತೆ ಒದೆಯಲಿಲ್ಲ. ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲೂ ಇಲ್ಲ, ಭಾವನವರನ್ನಂತೂ ಬಾಗಿಲಲ್ಲೇ ಬುಸುಗುಟ್ಟಿ ಹೆದರಿಸುತ್ತಿತ್ತು.

ಮುಂದಿನ ವರ್ಷ ಅಮ್ಮನಿಗೆ ಹುಷಾರಿಲ್ಲವೆಂದು ನಾಲ್ಕು ದಿನ ತವರಿಗೆ ಹೋದೆ. ವಾಪಸು ಬಂದಾಗ ಬೇಲಿಯಾಚೆಯಿಂದ ಪಕ್ಕದ ಮನೆಯವರು ಕಿಸಿಕಿಸಿ ನಗುತ್ತಿದ್ದರು. ಏನೆಂದು ಕೇಳಿದರೆ ಹೇಳಲೊಲ್ಲರು. ಒಳಗೆ ಹೋಗಿ ನೋಡಿದರೆ ಹಂಡೆಯ ಪಕ್ಕದ ಗೂಟದಲ್ಲಿ ನನ್ನ ಹಳೆಯ ಹೂವಿನ ನೈಟಿ ನೇತಾಡುತ್ತಿತ್ತು, ಅಂಚಿನಲ್ಲೆಲ್ಲ ಸಗಣಿ ಮೆತ್ತಿಕೊಂಡು.

"ಎಷ್ಟು ದಿನ ಮೋಸ ಹೋಯಿತು?" ಎಂದು ಇವರನ್ನು ಕೇಳಿದೆ.

"ಎರಡು ಹೊತ್ತು" ಎಂದರು, ಮೊಣಕಾಲು ನೀವಿಕೊಳ್ಳುತ್ತಾ.